ಪಟಪಟ ಹೊಡೆಯುವ ಇಂಡಿಕೇಟರ್: ಬಾಯಿ ಮುಚ್ಚಿಸಿದರೆ ಮುಗಿಯಿತೆ?

ವಾಡಿ, ಸೇಡಂ ಕಡೆಯ ಸಿಮೆಂಟು, ಶಹಾಬಾದಿನ ಫರ್ಸಿ ಕಲ್ಲು ಹೊತ್ತ ಲಾರಿಗಳು ಹಗಲು ರಾತ್ರಿ ಓಡುವ ರಸ್ತೆಗಳಿವು. ಚಿತ್ತಾಪುರದಿಂದ ಚಿಂಚೋಳಿವರೆಗೂ ಧೂಳಿಗೇನೂ ಬರವಿಲ್ಲ. ಇಂಥಲ್ಲಿ ಮುಂದಿನ ಗಾಡಿ ಯಾವ ಕಡೆ ಹೊರಳುತ್ತದೆಂದು ಹಿಂದಿನವನಿಗೆ ಹೇಳುವುದು ಒಂದು ಸಣ್ಣ ಇಂಡಿಕೇಟರ್ ದೀಪ. ಆ ದೀಪದ್ದೇ ಈಗ ತಕರಾರು.

ಬೆಳಕು ಚೆಂದ, ಬ್ಯಾಟರಿಗೆ ಹಗುರ ಎಂದು ಕಾರಿನ ಮಾಲಿಕರು ಇಂಡಿಕೇಟರಿಗೂ ಎಲ್‌ಇಡಿ ಬಲ್ಬು ಹಾಕಿಸುತ್ತಾರೆ. ಬೆನ್ನಿಗೇ ದೂರು ಶುರು. 'ಉಸ್ತಾದ್, ಇಂಡಿಕೇಟರ್ ಭಾಳ ಲಗೂ ಲಗೂ ಹೊಡಕೊಳ್ಳಕತ್ತದ, ನೋಡ್ರಿ ಸ್ವಲ್ಪ.' 'ಬಲ್ಬು ಬರೋಬ್ಬರಿ ಅದರಿ ಅಣ್ಣಾ, ಲೋಡ್ ಕಮ್ಮಿ ಆಗ್ಯದ.' ಉಸ್ತಾದರ ಮಾತು ಖರೆ. ಆದರೆ ಅರ್ಧ ಮಾತ್ರ.

ಲೋಡ್ ಅಂದರೇನು?

ಹಳೆಯ ತಂತಿ ಬಲ್ಬು ಸಾಮಾನ್ಯವಾಗಿ 21 ವ್ಯಾಟಿನದು. ಮುಂದೊಂದು ಹಿಂದೊಂದು ಸೇರಿ ಒಂದು ಬದಿಗೆ 42 ವ್ಯಾಟ್. ಇವನ್ನು ಮಿಟುಕಿಸುವ ಪುಟ್ಟ ಡಬ್ಬಿಗೆ ಫ್ಲಾಶರ್ ಎಂದು ಹೆಸರು. ಒಂದು ಬಲ್ಬು ಸುಟ್ಟರೆ ಕರೆಂಟು ಅರ್ಧಕ್ಕಿಳಿಯುತ್ತದೆ. ಆಗ ಫ್ಲಾಶರ್ ಪಟಪಟ ಹೊಡೆದು 'ಬಲ್ಬು ಹೋಗ್ಯದ, ಇಳಿದು ನೋಡಪ್ಪಾ' ಎಂದು ಚಾಲಕನಿಗೆ ಸಾರುತ್ತದೆ. ಅದು ಕೆಟ್ಟಿದ್ದಲ್ಲ, ಹಾಗೆ ಹೊಡೆಯಲೆಂದೇ ಮಾಡಿದ್ದು. ಎಲ್‌ಇಡಿಗೆ ಬೇಕಾದದ್ದು ಕೆಲವೇ ವ್ಯಾಟ್. ಹಾಗಾಗಿ ಉರಿಯುವ ಬಲ್ಬನ್ನೂ ಫ್ಲಾಶರ್ ಸತ್ತಿತೆಂದೇ ತಿಳಿಯುತ್ತದೆ.

ಹಾಗೇ ಬಿಟ್ಟರೇನಾಯಿತು ಎನ್ನುವಂತಿಲ್ಲ. ಇಂಡಿಕೇಟರ್ ಅಂಬರ್ ಬಣ್ಣದ್ದಿರಬೇಕು, ನಿಮಿಷಕ್ಕೆ 60ರಿಂದ 120 ಸಲ ಮಿಟುಕಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಗಡಿಯಾರ ಹಿಡಿದು ಎಣಿಸಿ. ಹತ್ತು ಸೆಕೆಂಡಿಗೆ 20 ದಾಟಿದರೆ ಮಿತಿ ಮೀರಿತು.

ಇರುವುದು ಎರಡು ದಾರಿ

ಒಂದು, ಎಲ್‌ಇಡಿಗೆಂದೇ ಬರುವ ಫ್ಲಾಶರ್ ಹಾಕಿಸುವುದು. ಹಳೆಯದನ್ನು ಕಿತ್ತು ಇದನ್ನು ಕೂಡಿಸಿದರಾಯಿತು. ಪಿನ್ನುಗಳು ಹೊಂದಬೇಕು, ಅಷ್ಟೆ. ಹೊಸ ಕಾರುಗಳಲ್ಲಿ ಈ ಕೆಲಸ ಗಾಡಿಯ ಕಂಪ್ಯೂಟರಿನೊಳಗೇ ಸೇರಿರುವುದರಿಂದ ಬದಲಿಸಲು ಬೇರೆ ಡಬ್ಬಿಯೇ ಸಿಗದು.

ಎರಡನೆಯದು, ಪ್ರತಿ ಎಲ್‌ಇಡಿಗೂ ಒಂದೊಂದು ರೆಸಿಸ್ಟರ್ ಜೋಡಿಸುವುದು. 6 ಓಮಿನ, 50 ವ್ಯಾಟ್ ತಾಳುವ ರೆಸಿಸ್ಟರ್ 12 ವೋಲ್ಟಿಗೆ 24 ವ್ಯಾಟ್ ಎಳೆಯುತ್ತದೆ, ಫ್ಲಾಶರ್ ಸಮಾಧಾನಗೊಳ್ಳುತ್ತದೆ. ಆದರೆ ಆ 24 ವ್ಯಾಟೂ ಶಾಖವಾಗುತ್ತದೆ. ನಾಲ್ಕೂ ದೀಪ ಹಚ್ಚಿ ಗಾಡಿ ನಿಲ್ಲಿಸಿದರೆ ಕೈ ಸುಡುವಷ್ಟು ಕಾಯುತ್ತದೆ. ಪ್ಲಾಸ್ಟಿಕ್ಕಿಗೋ ವೈರಿನ ಕಟ್ಟಿಗೋ ಟೇಪು ಸುತ್ತಿ ಬಿಟ್ಟರೆ ಕರಗೀತು. ಗಾಡಿಯ ತಗಡಿಗೆ ಸ್ಕ್ರೂ ಹಾಕಿಯೇ ಬಿಗಿಸಬೇಕು. ಅಲ್ಲಿಗೆ ಕರೆಂಟು ಉಳಿಸಲು ಎಲ್‌ಇಡಿ ಹಾಕಿ, ಉಳಿದದ್ದನ್ನು ರೆಸಿಸ್ಟರಿನಲ್ಲಿ ಸುಟ್ಟಂತಾಯಿತು!

ಯಾರೂ ಹೇಳದ ಮಾತು

ಉಸ್ತಾದರು ಹೇಳದೆ ಬಿಟ್ಟ ಇನ್ನರ್ಧ ಇಲ್ಲಿದೆ. ಪಟಪಟ ನಿಂತರೆ ಮಾಲಿಕ ಖುಷಿ. ಆದರೆ ನಿಂತದ್ದು ಎಚ್ಚರಿಕೆಯೂ ಹೌದು. ನಾಳೆ ಹಿಂದಿನ ಎಲ್‌ಇಡಿ ಸತ್ತರೂ ರೆಸಿಸ್ಟರ್ ಕರೆಂಟು ಎಳೆಯುತ್ತಲೇ ಇರುತ್ತದೆ. ಎಲ್‌ಇಡಿ ಫ್ಲಾಶರುಗಳಲ್ಲಿಯೂ ಹೆಚ್ಚಿನವು ಒಂದೇ ತಾಳದಲ್ಲಿ ಹೊಡೆಯುತ್ತವೆ. ಒಳಗೆ ಟಿಕ್ ಟಿಕ್ ಸರಿಯಾಗಿಯೇ ಕೇಳಿಸುತ್ತದೆ. ಸಿಗ್ನಲ್ ಕೊಟ್ಟೆನೆಂದು ಚಾಲಕ ಹೊರಳುತ್ತಾನೆ. ಹಿಂದೆ ಬರುವ ಬಸ್ಸಿನ ಡ್ರೈವರಿಗೆ ಕಾಣುವುದು ಬರೀ ಕತ್ತಲು. ಬಸ್ಸಿನೊಳಗೆ ನಿಂತವರ ಗತಿ?

ಮದ್ದು ಬಿಟ್ಟಿಯದು. ವಾರಕ್ಕೊಮ್ಮೆ ನಾಲ್ಕೂ ದೀಪ ಹಚ್ಚಿ ಗಾಡಿಯ ಸುತ್ತ ಒಂದು ಸುತ್ತು ಬರಬೇಕು. ಗಾಜಿನ ಮೇಲಿನ ಸಿಮೆಂಟು ಧೂಳನ್ನೂ ಒರೆಸಬೇಕು. ಬಲ್ಬು, ರೆಸಿಸ್ಟರ್ ಮಾರುವ ಅಂಗಡಿಯವರು ಗಿರಾಕಿಗೆ ಈ ಮಾತು ಹೇಳಿಯೇ ಕಳಿಸಬೇಕು. ಅಷ್ಟು ಪುರುಸೊತ್ತಿಲ್ಲದವರಿಗೆ ಕಂಪನಿ ಕೊಟ್ಟ ತಂತಿ ಬಲ್ಬೇ ಲೇಸು.

ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟುಗಳ ಮೇಲೆ ರಾಜ್ಯದ ಪೊಲೀಸರು 2024ರ ಜುಲೈನಲ್ಲಿ ಕೇಸು ಹಾಕಲು ಇಳಿದರು. ಒಳ್ಳೆಯದೇ. ಸತ್ತ ಇಂಡಿಕೇಟರ್ ಯಾರ ಕಣ್ಣನ್ನೂ ಕುಕ್ಕುವುದಿಲ್ಲ. ಅದನ್ನು ಹುಡುಕಿ ನೋಡುವವರಾರು?