ಹಿರಿಯರ ಮನೆ, ತೆರಿಗೆಯ ಲೆಕ್ಕ

ಕಳೆದ ಯುಗಾದಿ ಕೂಟದ ಊಟದ ಸಾಲಿನಲ್ಲಿ ಹಿರಿಯರೊಬ್ಬರು ನಮ್ಮನ್ನು ಕೇಳಿದರು: “ಆ ಹಳೇ ಸ್ಕೂಲು ಕಟ್ಟಡವನ್ನು ವಯಸ್ಸಾದವರ ಮನೆ ಮಾಡಿದ್ದಾರಲ್ಲ, ಬಾಡಿಗೆಯೂ ಕಡಿಮೆಯಂತೆ. ದುಡ್ಡು ಯಾರದಪ್ಪ?” ಆಗ ತಟ್ಟನೆ ಉತ್ತರ ಹೊಳೆಯಲಿಲ್ಲ. ಆ ಬಾಕಿಯನ್ನು ಈ ಸಂಚಿಕೆಯಲ್ಲಿ ತೀರಿಸುತ್ತಿದ್ದೇವೆ.

ಅಮೆರಿಕದಲ್ಲಿ ಈ ಏರ್ಪಾಡು ಬಂದದ್ದು 1986ರ ತೆರಿಗೆ ಸುಧಾರಣಾ ಕಾಯಿದೆಯಿಂದ. ಇಲ್ಲಿ ಸರಕಾರ ತಾನೇ ಮನೆ ಕಟ್ಟುವುದಿಲ್ಲ. ರಾಜ್ಯಗಳಿಗೆ ಟ್ಯಾಕ್ಸ್ ಕ್ರೆಡಿಟ್ ಹಂಚುತ್ತದೆ. ರಾಜ್ಯದ ವಸತಿ ಸಂಸ್ಥೆ ಅದನ್ನು ಆಯ್ದ ಯೋಜನೆಗಳಿಗೆ ಕೊಡುತ್ತದೆ. ಕಟ್ಟುವವರು ಅದನ್ನು ಬ್ಯಾಂಕಿನಂಥವರಿಗೆ ಬಿಟ್ಟುಕೊಟ್ಟು ಬಂಡವಾಳ ಪಡೆಯುತ್ತಾರೆ. ಹಣ ಹೂಡಿದವರ ತೆರಿಗೆ 10 ವರ್ಷ ಇಳಿಯುತ್ತದೆ. ಕಟ್ಟಡದ ಮೇಲೆ ಸಾಲ ಕಡಿಮೆಯಾದ್ದರಿಂದ ಬಾಡಿಗೆಯೂ ಕಡಿಮೆ. ಚಾರಿತ್ರಿಕವೆಂದು ಮಾನ್ಯತೆ ಪಡೆದ ಹಳೆಯ ಶಾಲೆ, ಗಿರಣಿಗಳಾದರೆ ದುರಸ್ತಿ ವೆಚ್ಚದ ಶೇ. 20ರಷ್ಟು ಇನ್ನೊಂದು ಕ್ರೆಡಿಟ್ಟೂ ಸಿಗಬಹುದು.

ಆದರೆ ಎರಡು ಮಾತು ನೆನಪಿರಲಿ. ಒಂದು, ಬಾಡಿಗೆಯ ಮಿತಿ ನಿಂತಿರುವುದು ಆ ಪ್ರದೇಶದ ಆದಾಯದ ಲೆಕ್ಕದ ಮೇಲೆ, ನಮ್ಮ ತಂದೆತಾಯಿಗಳ ಆದಾಯದ ಮೇಲಲ್ಲ. ಪೆನ್ಶನ್ ಇಲ್ಲದವರಿಗೆ ಅದೂ ಭಾರವಾದೀತು. ಇನ್ನೊಂದು, 1990ರಿಂದೀಚೆಗೆ ಕ್ರೆಡಿಟ್ ಪಡೆದ ಕಟ್ಟಡಗಳ ಕರಾರು ಸಾಮಾನ್ಯವಾಗಿ ಕನಿಷ್ಠ 30 ವರ್ಷದ್ದು. ಕೆಲವೆಡೆ 15 ವರ್ಷದ ನಂತರ ಮಾಲೀಕರು ಹೊರಬೀಳಲು ದಾರಿಯುಂಟು. 70ರಲ್ಲಿ ಮನೆ ಹೊಕ್ಕವರು 80ರಲ್ಲಿ ಬಾಡಿಗೆ ಏರಿತೆಂದು ಗಂಟುಮೂಟೆ ಕಟ್ಟುವಂತಾಗಬಾರದು. “ಕರಾರು ಯಾವ ವರ್ಷ ಮುಗಿಯುತ್ತದೆ?” ಎಂದು ಮೊದಲೇ ಕೇಳಿ, ಬರೆಸಿಕೊಳ್ಳಿ.

ಕಾಯುವವರ ಪಟ್ಟಿ ಉದ್ದವಿರುತ್ತದೆ. ಅಗತ್ಯ ಬೀಳುವ ಮುನ್ನವೇ ಹೆಸರು ಕೊಡಿ. ಮನೆ ನೋಡಲು ಹೋಗುವಾಗ ಹಿರಿಯರನ್ನೂ ಕರೆದೊಯ್ಯಿರಿ. ಅಲ್ಲಿ ಇರಬೇಕಾದವರು ಅವರು ತಾನೆ!