ಉಪ್ಪು ತಿಂದವನು ನೀರು ಕುಡಿಯಲೇಬೇಕು

“ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. “ಉಪ್ಪು ತಿಂದವನು ನೀರು ಕುಡಿಯಲೇಬೇಕು” ಎಂಬುದು ಇನ್ನೊಂದು. ಮೊದಲನೆಯದನ್ನು ನಮ್ಮ ಅಡುಗೆಮನೆಗಳು ಚಾಚೂ ತಪ್ಪದೆ ಪಾಲಿಸುತ್ತಿವೆ. ಎರಡನೆಯದರಲ್ಲಿ ಅಡಗಿರುವ ಶರೀರಶಾಸ್ತ್ರವನ್ನು ಮಾತ್ರ ನಾವು ಗಮನಿಸಿಲ್ಲ. ‘ಬಿ.ಪಿ.’ ಎಂದು ನಾವು ಕರೆಯುವ ರಕ್ತದ ಏರೊತ್ತಡಕ್ಕೂ ಈ ಗಾದೆಗೂ ಹತ್ತಿರದ ನಂಟಿದೆ.

ನಮ್ಮ ದೇಹದ ಪ್ರತಿಯೊಂದು ಜೀವಕೋಶವೂ ಒಂದು ಪುಟ್ಟ ಮನೆಯಿದ್ದಂತೆ. ಮನೆಯೊಳಗೆ ಪೊಟ್ಯಾಸಿಯಂ ಹೆಚ್ಚು, ಹೊರಗೆ ಸೋಡಿಯಂ ಹೆಚ್ಚು ಇರಬೇಕು. ಇದನ್ನು ಕಾಯಲು ಕೋಶದ ಪೊರೆಯಲ್ಲಿ ಒಂದು ಪಂಪು ಹಗಲಿರುಳೂ ದುಡಿಯುತ್ತದೆ. ಅದು ಪ್ರತಿ ಸಲವೂ 3 ಸೋಡಿಯಂ ಅಯಾನುಗಳನ್ನು ಹೊರದೂಡಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. 1957ರಲ್ಲಿ ಇದನ್ನು ಕಂಡುಹಿಡಿದ ಡೆನ್ಮಾರ್ಕಿನ ಯೆನ್ಸ್ ಸ್ಕೂ ಅವರಿಗೆ 1997ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಅತಿಯಾಗಿ ಉಪ್ಪು ತಿಂದರೆ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ರಕ್ತನಾಳಗಳ ಮೇಲೆ ಒತ್ತಡ ಏರುತ್ತದೆ. ಪೊಟ್ಯಾಸಿಯಂ ಇದಕ್ಕೆ ಎದುರಾಗಿ ನಿಂತು, ಮೂತ್ರಪಿಂಡಗಳು ಸೋಡಿಯಂ ಹೊರಹಾಕಲು ನೆರವಾಗುತ್ತದೆ, ರಕ್ತನಾಳಗಳನ್ನು ಸಡಿಲಿಸುತ್ತದೆ. ಆದುದರಿಂದ ಉಪ್ಪನ್ನು ತಗ್ಗಿಸುವುದು ಅರ್ಧ ಕೆಲಸ, ಪೊಟ್ಯಾಸಿಯಂ ಇರುವ ಆಹಾರ ತಿನ್ನುವುದು ಉಳಿದರ್ಧ. ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೇ ಇದಕ್ಕೆ ಸಾಕ್ಷಿ. ಕಾಲುಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪನ್ನು ಬಳಸಿದವರಲ್ಲಿ ಪಾರ್ಶ್ವವಾಯು ಸುಮಾರು ಶೇಕಡಾ 14ರಷ್ಟು ಕಡಿಮೆಯಾಯಿತು. ಆದರೆ ಮೂತ್ರಪಿಂಡದ ಕಾಯಿಲೆಯುಳ್ಳವರು ವೈದ್ಯರನ್ನು ಕೇಳದೆ ಇಂಥ ಉಪ್ಪನ್ನು ಮುಟ್ಟಕೂಡದು.

ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಒಂದು ಸಣ್ಣ ಚಮಚದಷ್ಟು ಮಾತ್ರ. ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯ ಮೆಣಸಿನಕಾಯಿ ಬಜ್ಜಿ, ಅಂಗಡಿಯ ಚಿಪ್ಸು ಎಲ್ಲವೂ ಈ ಲೆಕ್ಕಕ್ಕೆ ಸೇರಬೇಕು. ಸೈಂಧವ ಲವಣ ತಿಂದರೆ ತೊಂದರೆಯಿಲ್ಲವೆಂದು ಕೆಲವರು ನಂಬಿದ್ದಾರೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಅಯೋಡಿನ್ ಇರುವ ಉಪ್ಪನ್ನೇ ಬಳಸೋಣ, ಆದರೆ ಕಡಿಮೆ ಬಳಸೋಣ.

“ನಮ್ಮದು ಬಿಸಿಲ ಸೀಮೆ, ಬೆವರು ಸುರಿಸುವವರಿಗೆ ಉಪ್ಪು ಬೇಡವೇ?” ಎಂದು ಹಿರಿಯರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಕಡಲೆಕಾಯಿ ಹೊಲದಲ್ಲಿ ದಿನವಿಡೀ ದುಡಿಯುವವರಿಗೆ ನೀರು, ಮಜ್ಜಿಗೆ ಬೇಕು. ಆದರೆ ನೆರಳಿನಲ್ಲಿ ಕುಳಿತು ಕೆಲಸ ಮಾಡುವವರಿಗೂ, ಶಾಲೆಯ ಮಕ್ಕಳಿಗೂ ಅದೇ ನೆಪ ಸಲ್ಲದು.

ಪೊಟ್ಯಾಸಿಯಂಗಾಗಿ ನಾವು ಎಲ್ಲಿಗೂ ಹೋಗಬೇಕಿಲ್ಲ. ರಾಗಿ, ಹುರುಳಿ, ನುಗ್ಗೆಸೊಪ್ಪು, ಬಾಳೆಹಣ್ಣು, ಎಳನೀರು ಎಲ್ಲದರಲ್ಲಿಯೂ ಅದಿದೆ. ರಾಗಿಮುದ್ದೆಯೂ ಹುರುಳಿಸಾರೂ ಬಡವರ ಊಟವೆಂದು ನಾಚಿ, ಪೊಟ್ಟಣದ ತಿಂಡಿಗೆ ಕೈಚಾಚುವ ನಮ್ಮ ಹೊಸ ಅಭ್ಯಾಸ ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಪೋಷಕರಲ್ಲಿ ಒಂದು ವಿನಂತಿ. ಏರೊತ್ತಡಕ್ಕೆ ಹೆಚ್ಚಿನವರಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ತಲೆನೋವಿಲ್ಲವೆಂದು ಸುಮ್ಮನಿದ್ದು, ಒಂದು ಬೆಳಗ್ಗೆ ಕೈಕಾಲು ಬಿದ್ದುಹೋದರೆ ಇಡೀ ಸಂಸಾರವೇ ಕುಸಿಯುತ್ತದೆ. ಮಗಳ ಓದು ಅಲ್ಲಿಗೇ ನಿಲ್ಲಬಹುದು. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸಿರಿ. ಒತ್ತಡ 140/90 ಅಥವಾ ಅದಕ್ಕೂ ಹೆಚ್ಚಿದ್ದರೆ ವೈದ್ಯರ ಮಾತನ್ನು ಕೇಳಿರಿ. ಗುಣವಾಯಿತೆಂದು ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿರಿ. ಆಹಾರದ ಪಥ್ಯ ಔಷಧಕ್ಕೆ ಜೊತೆಯೇ ಹೊರತು ಬದಲಲ್ಲ.

ವಿದ್ಯಾರ್ಥಿ ಮಿತ್ರರೇ, ವಿಜ್ಞಾನದ ಪಾಠ ಪರೀಕ್ಷೆಯ ಅಂಕಗಳಿಗಷ್ಟೇ ಅಲ್ಲ. ಈ ವಾರ ಮನೆಯ ಉಪ್ಪಿನ ಪೊಟ್ಟಣದ ಮೇಲೆ ಅದನ್ನು ಒಡೆದ ದಿನಾಂಕವನ್ನು ಬರೆದಿಡಿರಿ. ಅದು ಮುಗಿದ ದಿನ ತೂಕವನ್ನು ದಿನಗಳಿಂದಲೂ ಮನೆಮಂದಿಯ ಸಂಖ್ಯೆಯಿಂದಲೂ ಭಾಗಿಸಿರಿ. ಬಂದ ಉತ್ತರವನ್ನು ಅಮ್ಮನಿಗೂ ಅಪ್ಪನಿಗೂ ಓದಿ ಹೇಳಿರಿ.