ದಾಳಿಯ ಲೆಕ್ಕ, ಮನೆಯ ಲೆಕ್ಕ

‘ಮಟಕಾ ಅಡ್ಡೆ ಮೇಲೆ ದಾಳಿ, ನಗದು ವಶ’: ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಇಂಥ ಸುದ್ದಿ ಹೊಸದಲ್ಲ. ಪ್ರಕರಣ ಏರಿದರೆ ಜೂಜು ಹೆಚ್ಚಿತೆನ್ನುತ್ತೇವೆ, ಇಳಿದರೆ ಹತೋಟಿಗೆ ಬಂತೆನ್ನುತ್ತೇವೆ. ಎರಡೂ ದುಡುಕಿನ ಮಾತು. ಆ ಅಂಕಿಯಿಂದ ತಿಳಿಯುವುದು ಪೊಲೀಸರ ಓಡಾಟವೇ ಹೊರತು ಮನೆಗಳ ಪಾಡಲ್ಲ.

ಹತ್ತಿ ಬೆಳೆಯುವ ಈ ಸೀಮೆಗೆ ಮಟಕಾದ ಮೂಲ ಗೊತ್ತಿರಬೇಕು. ಮೊದಲು ಮುಂಬೈಯಲ್ಲಿ ಜನ ಪಣ ಕಟ್ಟುತ್ತಿದ್ದುದು ನ್ಯೂಯಾರ್ಕ್ ಹತ್ತಿಪೇಟೆಯ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ. 1960ರ ದಶಕದಲ್ಲಿ ಆ ದರದಾಟ ನಿಂತಿತು, ಗಡಿಗೆಯಿಂದ ಚೀಟಿ ಎತ್ತುವ ಆಟ ಶುರುವಾಯಿತು. ಹತ್ತಿ ಹೋಯಿತು, ಓಪನ್‌–ಕ್ಲೋಸ್ ಉಳಿಯಿತು. ನಮ್ಮ ಓಸಿ ಅದರದೇ ಕುಡಿ. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ಜೋಡಿ. ಹತ್ತಿದರೆ ರೂಪಾಯಿಗೆ 80. ನೂರಕ್ಕೂ ಒಂದೊಂದು ರೂಪಾಯಿ ಹಚ್ಚಿದ ಮಹಾಜಾಣನೂ 20 ರೂಪಾಯಿ ಕಳಕೊಂಡೇ ಏಳುತ್ತಾನೆ. ‘ಇವತ್ತಿನ ನಂಬರ್ ಖಾತ್ರಿ’ ಎನ್ನುವವರು ಈ ಲೆಕ್ಕವನ್ನು ಮಾತ್ರ ಹೇಳುವುದಿಲ್ಲ.

ಹಾಗಾದರೆ ನಿಷೇಧ ವ್ಯರ್ಥವೇ? ಅಲ್ಲ. 2007ರಲ್ಲಿ ರಾಜ್ಯ ಲಾಟರಿ ನಿಲ್ಲಿಸಿದಾಗ ಅಂಗಡಿಗಳ ಮುಂದಿನ ಟಿಕೆಟ್ ಮಾಲೆಗಳು ಮಾಯವಾದವು. ಕೈಗೆ ಸುಲಭವಾಗಿ ಸಿಗದ್ದಕ್ಕೆ ಹೊಸ ಹುಡುಗರು ಬೀಳುವುದು ಕಡಿಮೆ. ಆನ್‌ಲೈನ್ ಜೂಜಿನ ಮೇಲೆ ರಾಜ್ಯ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗವನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದುಮಾಡಿತು; 2025ರ ಆಗಸ್ಟ್‌ನಲ್ಲಿ ಕೇಂದ್ರವೇ ಹಣದಾಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ‘ಕೌಶಲದ ಆಟ’ ಎಂಬ ಕಂಪನಿಗಳ ವಾದವನ್ನು ಹೊಲ ಅಡವಿಟ್ಟವನ ಮುಂದೆ ಹೇಳಿ ನೋಡಲಿ. ಆದರೆ ಕಾಯ್ದೆ ಅಡ್ಡೆಯನ್ನು ಮುಚ್ಚೀತು, ಚಟವನ್ನಲ್ಲ.

ಚಟ ಅಳೆಯಲು ದಾರಿಯಿದೆ. ಕೆನಡಾದಲ್ಲಿ 2001ರಲ್ಲಿ ರೂಪುಗೊಂಡ ಒಂಬತ್ತು ಪ್ರಶ್ನೆಗಳು ಕಳೆದ 12 ತಿಂಗಳ ಬಗ್ಗೆ ಕೇಳುತ್ತವೆ: ತಾಳಿಕೊಳ್ಳಲಾರದಷ್ಟು ಪಣ ಕಟ್ಟಿದಿರಾ? ಕಳೆದದ್ದನ್ನು ಗೆಲ್ಲಲು ಮತ್ತೆ ಹೋದಿರಾ? ಆಟಕ್ಕಾಗಿ ಸಾಲ ಮಾಡಿದಿರಾ? 27ಕ್ಕೆ 8 ಅಂಕ ಮುಟ್ಟಿದರೆ ಅದು ಗಂಭೀರ ಸಮಸ್ಯೆ. ಇವೇ ಪ್ರಶ್ನೆಗಳ ಸಮೀಕ್ಷೆ ನಮ್ಮ ಊರುಗಳಲ್ಲೂ ನಡೆಯಬೇಕು.

‘ಹಳ್ಳ್ಯಾಗ ಯಾರು ಖರೇ ಹೇಳ್ತಾರ?’ ಎಂಬ ಆಕ್ಷೇಪ ತೂಕದ್ದು. ಜೂಜು ಅಪರಾಧವಾಗಿರುವಲ್ಲಿ ಹೆಸರು ಬರೆದುಕೊಳ್ಳುವವರ ಮುಂದೆ ಯಾರೂ ಬಾಯಿ ಬಿಡರು. ಅದಕ್ಕೇ ಸಮೀಕ್ಷೆ ಹೆಸರಿಲ್ಲದೆ ನಡೆಯಬೇಕು, ಠಾಣೆಗೂ ಅದಕ್ಕೂ ಸಂಬಂಧವಿರಬಾರದು. ಹೆಂಗಸರನ್ನು ಪ್ರತ್ಯೇಕವಾಗಿ ಕೇಳಬೇಕು: ಅಡವಿಗೆ ಹೋದ ಬಂಗಾರ, ತಪ್ಪಿದ ಸಂಘದ ಕಂತು, ಕಬ್ಬಿನ ಬಿಲ್ ಬಂದ ವಾರವೇ ಬರಿದಾದ ಖಾತೆ ಅವರಿಗೆ ಗೊತ್ತು. ಕೇಳಿ ಸುಮ್ಮನಾದರೆ ಅದು ಬರೀ ಕುತೂಹಲ. ತಾಲ್ಲೂಕು ಆಸ್ಪತ್ರೆಯಲ್ಲಿ ಆಪ್ತಸಮಾಲೋಚನೆ ಸಿಗಬೇಕು, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಬಸ್ ನಿಲ್ದಾಣದ ಗೋಡೆಯ ಮೇಲಿರಬೇಕು.

ಕಿತ್ತೂರಿನಂಥ ಸಣ್ಣ ತಾಲ್ಲೂಕಿನಲ್ಲಿ ಮೊದಲು ಆರಂಭಿಸಲಿ. ಮರುವರ್ಷ ಅದೇ ಊರುಗಳಲ್ಲಿ ಅದೇ ಪ್ರಶ್ನೆ ಕೇಳಲಿ. ಅಂಕ ಇಳಿಯದಿದ್ದರೆ, ಎಷ್ಟೇ ದಾಳಿ ನಡೆದಿದ್ದರೂ ಆಡಳಿತ ಸೋತಿದೆ ಎಂದೇ ಬರೆಯೋಣ.